ಬೋರ್ಡಿಂಗಿನಿಂದ ಹೊರಬಿದ್ದ ಹುಡುಗ: ಕರ್ಮವೀರ ಭಾವೂರಾವ ಪಾಟೀಲರ ಬದುಕು

ಅಭ್ಯಾಸ ಬೋಧನೆಗೆ ನನ್ನನ್ನು ಚಿಕ್ಕೋಡಿ ಭಾಗದ ಒಂದು ಪ್ರೌಢಶಾಲೆಗೆ ಹಾಕಿದ್ದರು. ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಒಬ್ಬ ವ್ಯಕ್ತಿಯ ಜೀವನಚರಿತ್ರೆ ಹೇಳುವುದು ನನ್ನ ಪಾಠಯೋಜನೆಯ ಯಾವ ಅಂಕಣದಲ್ಲಿಯೂ ಇರಲಿಲ್ಲ. ಸೆಪ್ಟೆಂಬರ್ ಮೂರನೆಯ ವಾರ ಸಮಾಜ ವಿಜ್ಞಾನದ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಎಂಟನೆಯ ತರಗತಿಯ ಬದಲಿ ಅವಧಿ ನನ್ನ ಪಾಲಿಗೆ ಬಂತು. ಆ ತರಗತಿಯ ಅರ್ಧದಷ್ಟು ಮಕ್ಕಳು ಶಾಲೆಯ ಪಕ್ಕದ ವಿದ್ಯಾರ್ಥಿನಿಲಯದವರು. ಅದೇ ವಾರ ಅವರ ನಿಲಯದಲ್ಲಿ ವಿದ್ಯಾರ್ಥಿ ನಾಯಕನನ್ನು ಆರಿಸಬೇಕಿತ್ತು. ತರಗತಿಯಲ್ಲಿ ಗುಸುಗುಸು ನಡೆದದ್ದು ಅದರದ್ದೇ. ಸೆಪ್ಟೆಂಬರ್ 22 ಭಾವೂರಾವ ಪಾಟೀಲರ ಜನ್ಮದಿನ ಎಂಬುದು ನೆನಪಿಗೆ ಬಂದು, ಹಾಸ್ಟೆಲಿನ ಹುಡುಗರಿಗೆ ಹಾಸ್ಟೆಲಿನ ಕಥೆಯನ್ನೇ ಹೇಳೋಣ ಎಂದುಕೊಂಡೆ. ಒಂದು ಅವಧಿ ಸಾಲಲಿಲ್ಲ, ಮೂರು ಬೇಕಾದವು. ವೀಕ್ಷಣೆಗೆ ಕೂತಿದ್ದ ನನ್ನ ಸಹಪಾಠಿ ತನ್ನ ಹಾಳೆಯಲ್ಲಿ ಮೌಲ್ಯಮಾಪನದ ಪ್ರಶ್ನೆಗಳಿಲ್ಲ ಎಂದು ಬರೆದಿದ್ದಾನೆ. ಪ್ರಶ್ನೆಗಳು ಬಂದವು, ಆದರೆ ಮಕ್ಕಳ ಕಡೆಯಿಂದ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಗಡಿ ತಾಲ್ಲೂಕುಗಳ ಮಕ್ಕಳಿಗೆ ಕುಂಭೋಜ ಹೊಸ ಹೆಸರಲ್ಲ. ಬಾಹುಬಲಿ ಬೆಟ್ಟಕ್ಕೆ ಹೋಗಿಬಂದ ಮನೆಗಳು ಆ ತರಗತಿಯಲ್ಲೇ ನಾಲ್ಕೈದು ಇದ್ದವು. ಕೊಲ್ಹಾಪುರ ಜಿಲ್ಲೆಯ ಆ ಊರಿನಲ್ಲಿ 1887ರ ಸೆಪ್ಟೆಂಬರ್ 22ರಂದು ಭಾವೂರಾವ ಹುಟ್ಟಿದರು. ತಂದೆ ಪಾಯಗೌಡ, ತಾಯಿ ಗಂಗಾಬಾಯಿ. ಜೈನ ಕುಟುಂಬ. ಪೂರ್ವಜರು ಮೂಡುಬಿದಿರೆಯ ಕಡೆಯಿಂದ ಬಂದವರೆಂದು ಹೇಳುತ್ತಾರೆ. ಗೌಡ, ಪಾಟೀಲ ಎಂಬ ಹೆಸರುಗಳನ್ನು ಕೇಳಿದರೆ ಆ ಸೀಮೆಯಲ್ಲಿ ಕನ್ನಡ ಎಲ್ಲಿ ಮುಗಿದು ಮರಾಠಿ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ. ನಮ್ಮ ತರಗತಿಯಲ್ಲೂ ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಮಾತಾಡುವ ಮಕ್ಕಳೇ ಹೆಚ್ಚು.

ಹುಡುಗ ಗಟ್ಟಿಮುಟ್ಟು, ಕುಸ್ತಿಯ ಹುಚ್ಚು, ಓದಿನಲ್ಲಿ ಅಷ್ಟಕ್ಕಷ್ಟೆ. ಅಸ್ಪೃಶ್ಯರಿಗೆ ನೀರು ಸೇದಲು ಬಿಡದ ಒಂದು ಬಾವಿಯ ರಾಟೆಯನ್ನು ಮುರಿದು ಬಾವಿಗೇ ಎಸೆದನೆಂಬುದು ಅವರ ಬಾಲ್ಯದ ಪ್ರಸಿದ್ಧ ಪ್ರಸಂಗ. ನನ್ನ ತರಗತಿಯ ಹಿಂದಿನ ಬೆಂಚಿನವರಿಗೆ ಈ ಭಾಗ ಬಹಳ ಹಿಡಿಸಿತು. ರಾಟೆ ಮುರಿದರೆ ಸೇದುವವರಿಗೆಲ್ಲ ತೊಂದರೆಯಾಗಲಿಲ್ಲವೇ ಎಂದು ಒಬ್ಬಳು ಕೇಳಿದಳು. ಆಯಿತು, ಅದಕ್ಕೇ ಮುರಿದದ್ದು ಎಂದೆ.

ಕೊಲ್ಹಾಪುರದ ರಾಜಾರಾಮ್ ಹೈಸ್ಕೂಲಿಗೆ ಸೇರಿದಾಗ ಉಳಿದುಕೊಳ್ಳಲು ಅವರಿಗೆ ಸಿಕ್ಕದ್ದು ಜೈನ ಬೋರ್ಡಿಂಗ್. ಇಲ್ಲಿ ಆ ಊರಿನ ಬೋರ್ಡಿಂಗುಗಳ ಬಗ್ಗೆ ಸ್ವಲ್ಪ ಹೇಳಬೇಕು. ಹಳ್ಳಿಯ ಹುಡುಗರು ಓದಲು ಪೇಟೆಗೆ ಬಂದರೆ ಅವರಿಗೆ ಮೊದಲು ಬೇಕಾದದ್ದು ಪುಸ್ತಕವಲ್ಲ, ರಾತ್ರಿ ಮಲಗಲು ಜಾಗ ಮತ್ತು ಎರಡು ಹೊತ್ತಿನ ಊಟ ಎಂಬುದನ್ನು ಛತ್ರಪತಿ ಶಾಹು ಮಹಾರಾಜರು ಅರಿತಿದ್ದರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಿಕ್ಟೋರಿಯಾ ಬೋರ್ಡಿಂಗ್ ಶುರುವಾಯಿತು. ಬಳಿಕ ಜೈನರು, ಲಿಂಗಾಯತರು, ಮುಸ್ಲಿಮರು ಹೀಗೆ ಒಂದೊಂದು ಸಮುದಾಯಕ್ಕೂ ಒಂದೊಂದು ಬೋರ್ಡಿಂಗ್ ಎದ್ದಿತು. ಮಹಾರಾಜರು ಜಾಗ ಕೊಟ್ಟರು, ಹಣ ಕೊಟ್ಟರು. ಇದರಿಂದಾದ ಉಪಕಾರ ಸಣ್ಣದಲ್ಲ. ಇಡೀ ದಕ್ಷಿಣ ಮಹಾರಾಷ್ಟ್ರದ ಮತ್ತು ನಮ್ಮ ಈ ಭಾಗದ ಮೊದಲ ತಲೆಮಾರಿನ ಎಷ್ಟೋ ವಿದ್ಯಾವಂತರು ಆ ಛಾವಣಿಗಳ ಕೆಳಗಿನಿಂದ ಬಂದವರು. ಆದರೆ ಒಂದೊಂದು ಜಾತಿಗೆ ಒಂದೊಂದು ಅಡುಗೆಮನೆ ಎಂದ ಮೇಲೆ ಹುಡುಗರು ಒಬ್ಬರ ಜೊತೆ ಒಬ್ಬರು ಓದಿದರೂ ಒಟ್ಟಿಗೆ ಉಣ್ಣಲಿಲ್ಲ. ಆ ಕಾಲಕ್ಕೆ ಬೇರೆ ದಾರಿ ಇತ್ತೇ ಎಂದರೆ ನನಗೆ ಅನುಮಾನ. ಮಹಾರಾಜರು ಬೇರೆ ಬೇರೆ ಮನೆ ಕಟ್ಟದೇ ಹೋಗಿದ್ದರೆ ಬಹುಶಃ ಮನೆಯೇ ಇರುತ್ತಿರಲಿಲ್ಲ.

ಜೈನ ಬೋರ್ಡಿಂಗಿನ ಹೊಣೆ ಅಣ್ಣಾಸಾಹೇಬ ಲಠ್ಠೆಯವರದು. ಎಂ.ಎ. ಓದಿದ ವಿದ್ವಾಂಸರು, ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು ಕಟ್ಟಿದವರಲ್ಲಿ ಒಬ್ಬರು. ಮುಂದೆ ಬೆಳಗಾವಿಯಲ್ಲಿ ವಕೀಲರಾಗಿ ಹೆಸರು ಮಾಡಿ, 1937ರ ಮುಂಬಯಿ ಪ್ರಾಂತದ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾದರು. ಸುಧಾರಕರೇ. ಆದರೆ ಬೋರ್ಡಿಂಗಿನ ಶಿಸ್ತು ಎಂದರೆ ಶಿಸ್ತು.

1908ರಲ್ಲಿ ಶಾಹು ಮಹಾರಾಜರು ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಆರಂಭಿಸಿದರು. ಅದರ ಸಮಾರಂಭಕ್ಕೆ ಭಾವೂರಾವ ಹೋದರು. ತಿರುಗಿ ಬಂದಾಗ ಸ್ನಾನ ಮಾಡಿ ಶುದ್ಧನಾಗಿಯೇ ಊಟದ ಮನೆಗೆ ಬರಬೇಕೆಂದು ಅಪ್ಪಣೆಯಾಯಿತು. ಹುಡುಗ ಒಪ್ಪಲಿಲ್ಲ. ಮೈಗೆ ಕೊಳೆ ಹತ್ತಿದ್ದರೆ ತೊಳೆದುಕೊಳ್ಳುತ್ತಿದ್ದನೇನೋ. ಹತ್ತಿದ್ದೇನೂ ಇರಲಿಲ್ಲ. ಕೊನೆಗೆ ಬೋರ್ಡಿಂಗಿನಿಂದಲೇ ಹೊರಗೆ ಹಾಕಿದರು.

ಇಲ್ಲಿಗೆ ಗಂಟೆ ಹೊಡೆಯಿತು. ಮಕ್ಕಳು ಎದ್ದು ನಿಂತರು, ಒಬ್ಬ ಹುಡುಗ ಮಾತ್ರ ಕೂತೇ ಇದ್ದ. ಬೋರ್ಡಿಂಗಿನಲ್ಲಿ ಬೇರೆ ಹುಡುಗರೂ ಇದ್ದರಲ್ಲ, ಅವರು ಏನು ಮಾಡಿದರು ಎಂದು ಕೇಳಿದ. ನಾಯಕ ಅಂತ ಒಬ್ಬ ಇದ್ದಿರಬೇಕಲ್ಲ, ಅವನು ಸಾರ್‌ಗೆ ಏನೂ ಹೇಳಲಿಲ್ಲವೇ ಎಂದ. ನಾಳೆ ನೋಡೋಣ ಎಂದು ನಾನು ಚಾಕ್‌ಪೀಸ್ ಡಬ್ಬಿ ಎತ್ತಿಕೊಂಡು ಸ್ಟಾಫ್ ರೂಮಿಗೆ ಬಂದೆ.

ಆ ನಾಯಕ ನನಗೆ ಗೊತ್ತು. ಕೊಲ್ಹಾಪುರದವನಲ್ಲ. ನಾನೇ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ನಾನಿದ್ದ ವಿದ್ಯಾರ್ಥಿನಿಲಯಕ್ಕೆ ನನ್ನನ್ನು ಪ್ರತಿನಿಧಿ ಮಾಡಿದ್ದರು. ಹಾಜರಿ ಪುಸ್ತಕ, ಉಗ್ರಾಣದ ಬೀಗದ ಕೈ, ರಾತ್ರಿ ಹತ್ತೂವರೆಗೆ ದೀಪ ಆರಿಸುವ ಅಧಿಕಾರ ನನ್ನ ಬಳಿ ಇದ್ದವು. ಬೀಗದ ಕೈಯ ಗೊಂಚಲನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಸದ್ದು ಮಾಡುತ್ತ ಓಡಾಡುತ್ತಿದ್ದೆ. ಭಾನುವಾರ ಅಡುಗೆಯವರಿಗೆ ರಜೆ. ಅಂದು ನಾವೇ ಬಡಿಸಬೇಕು, ಪಾತ್ರೆ ತೊಳೆಯಬೇಕು. ಸರದಿಯ ಪಟ್ಟಿ ಬರೆಯುವುದು ನನ್ನ ಕೆಲಸ. ಮೊದಲ ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಿ ಬರೆದೆ. ಹಿರಿಯ ವಿದ್ಯಾರ್ಥಿಗಳು ಇಬ್ಬರು ಬಂದು ನಾಲ್ಕು ಹೆಸರುಗಳನ್ನು ಬಡಿಸುವ ಸಾಲಿನಿಂದ ತೆಗೆದು ತೊಳೆಯುವ ಸಾಲಿಗೆ ಹಾಕಿದರೆ ಒಳ್ಳೆಯದು ಎಂದರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ನಾಲ್ಕು ಹೆಸರುಗಳನ್ನು ಓದಿದರೆ ಕಾರಣ ಗೊತ್ತಾಗುತ್ತಿತ್ತು. ನಾನು ಪಟ್ಟಿಯನ್ನು ತಿದ್ದಿ, ಅಂದವಾಗಿ ಮತ್ತೆ ಬರೆದು, ಗೋಡೆಗೆ ಅಂಟಿಸಿದೆ. ಇಡೀ ವರ್ಷ ಅದು ಹಾಗೇ ಇತ್ತು. ಜಗಳವಾಗಲಿಲ್ಲ, ದೂರು ಬರಲಿಲ್ಲ. ನಿಲಯ ಶಾಂತವಾಗಿದೆ ಎಂದು ವರ್ಷದ ಕೊನೆಗೆ ನನ್ನನ್ನು ಹೊಗಳಿದರು. ನಾಲ್ವರಲ್ಲಿ ಒಬ್ಬ ನಾಲ್ಕನೆಯ ಸೆಮಿಸ್ಟರಿಗೆ ನಿಲಯ ಬಿಟ್ಟು ಹೊರಗೆ ಕೋಣೆ ಹಿಡಿದ. ಹೋಗುವಾಗ ಬಾಕಿ ಇಲ್ಲ ಎಂಬ ಚೀಟಿಗೆ ಪ್ರತಿನಿಧಿಯ ಸಹಿ ಬೇಕಿತ್ತು. ತಟ್ಟೆ ಒಂದು, ಲೋಟ ಒಂದು ಎಂದು ಎಣಿಸಿಕೊಂಡು ಸಹಿ ಹಾಕಿದೆ. ಅವನು ನನ್ನ ಮುಖ ನೋಡಲಿಲ್ಲ. ನಾನು ಚೀಟಿ ನೋಡುತ್ತಿದ್ದೆ.

ಮರುದಿನ ತರಗತಿಯಲ್ಲಿ ಇದನ್ನು ಹೇಳಲೋ ಬೇಡವೋ ಎಂದು ರಾತ್ರಿಯೆಲ್ಲ ಯೋಚಿಸಿದೆ. ಬಿ.ಇಡಿ. ಪುಸ್ತಕಗಳಲ್ಲಿ ಶಿಕ್ಷಕನ ಸ್ವಂತ ಅನುಭವವನ್ನು ಉದಾಹರಣೆಯಾಗಿ ಬಳಸಬಹುದೆಂದಿದೆ. ಎಂಥ ಅನುಭವವನ್ನು ಎಂದು ಹೇಳಿಲ್ಲ. ಕೊನೆಗೆ ಹೇಳಿದೆ, ಹುಡುಗರ ಹೆಸರು, ಊರು ಬಿಟ್ಟು. ಪ್ರಶ್ನೆ ಕೇಳಿದ ಹುಡುಗ ತಲೆಯಾಡಿಸಿದ, ಮತ್ತೇನೂ ಕೇಳಲಿಲ್ಲ. ಮುಂದೇನಾಯಿತು ಎಂದು ಉಳಿದವರು ಭಾವೂರಾವರ ಕಥೆಗೇ ಹೋದರು. ಮಕ್ಕಳಿಗೆ ನಮ್ಮ ತಪ್ಪಿಗಿಂತ ಕಥೆಯೇ ಮುಖ್ಯ, ಅದು ಒಳ್ಳೆಯದೇ.

ಬೋರ್ಡಿಂಗ್ ಬಿಟ್ಟ ಹುಡುಗನಿಗೆ ಶಾಹು ಮಹಾರಾಜರು ಅರಮನೆಯಲ್ಲೇ ಆಸರೆ ಕೊಟ್ಟರು. ಓದು ಮಾತ್ರ ದಡ ಮುಟ್ಟಲಿಲ್ಲ, ಮೆಟ್ರಿಕ್ ಆಗಲಿಲ್ಲ. ಸಾತಾರಾದಲ್ಲಿ ಮಕ್ಕಳಿಗೆ ಮನೆಪಾಠ ಹೇಳಿದರು, ವಿಮೆ ಮಾಡಿಸಿದರು.

1914ರಲ್ಲಿ ಒಂದು ಪರೀಕ್ಷೆ ಎದುರಾಯಿತು. ಕೊಲ್ಹಾಪುರದಲ್ಲಿ ರಾಜ ಏಳನೆಯ ಎಡ್ವರ್ಡನ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಸ್ಥಾನದ ಅಧಿಕಾರಿಗಳ ಕಣ್ಣು ಲಠ್ಠೆಯವರ ಮೇಲಿತ್ತು. ಅವರ ವಿರುದ್ಧ ಸಾಕ್ಷಿ ಹೇಳಬೇಕೆಂದು ಭಾವೂರಾವರ ಮೇಲೆ ಒತ್ತಡ ಬಂತು. ಅದು ಸುಳ್ಳು ಸಾಕ್ಷಿ. ತನ್ನನ್ನು ಊಟದ ಮನೆಯಿಂದ ಹೊರಗೆ ಹಾಕಿದ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ. ಭಾವೂರಾವ ಹೇಳಲಿಲ್ಲ. ಸುಳ್ಳು ಆರೋಪ ಹೊರಿಸಿ ಅವರನ್ನು ಜೈಲಿಗೆ ಹಾಕಿದರು, ಬಹಳ ಕಷ್ಟ ಕೊಟ್ಟರು. ಆದರೂ ಹೇಳಲಿಲ್ಲ. ಅವರ ಇಡೀ ಬದುಕಿನಲ್ಲಿ ನನಗೆ ಅತ್ಯಂತ ದೊಡ್ಡದೆನಿಸುವ ಘಟನೆ ಇದು. ರಾಟೆ ಮುರಿಯಲು ರಟ್ಟೆ ಸಾಕು.

ಆಮೇಲೆ ಓಗಲೆಯವರ ಗಾಜಿನ ಸಾಮಾನು, ಕಿರ್ಲೋಸ್ಕರ ನೇಗಿಲು ಮಾರುವ ಕೆಲಸ ಹಿಡಿದರು. ಈ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು ಎಂದಾಗ ತರಗತಿ ಒಂದು ಕ್ಷಣ ಹೆಮ್ಮೆಪಟ್ಟಿತು. ಕಬ್ಬಿಣದ ನೇಗಿಲು ಮಾರುವವನು ಪೇಟೆಯಲ್ಲಿ ಕೂರುವಂತಿಲ್ಲ. ಹಳ್ಳಿ ಹಳ್ಳಿ ತಿರುಗಬೇಕು, ರೈತನ ಜಗಲಿಯಲ್ಲಿ ಕೂರಬೇಕು. ರಸೀದಿಗೆ ಹೆಬ್ಬೆಟ್ಟು ಒತ್ತುವವರನ್ನು ಅವರು ನೋಡಿದ್ದು ಅಲ್ಲಿಯೇ. ಮಹಾತ್ಮಾ ಫುಲೆಯವರ ಸತ್ಯಶೋಧಕ ಸಮಾಜದ ವಿಚಾರಗಳು ಆಗಲೇ ಅವರನ್ನು ಹಿಡಿದಿದ್ದವು. 1919ರ ಅಕ್ಟೋಬರ್ 4ರಂದು ಕರಾಡ ತಾಲ್ಲೂಕಿನ ಕಾಲೆ ಎಂಬ ಹಳ್ಳಿಯಲ್ಲಿ ರಯತ್ ಶಿಕ್ಷಣ ಸಂಸ್ಥೆ ಹುಟ್ಟಿತು. ರಯತ್ ಎಂದರೆ ಪ್ರಜೆ. ನಮ್ಮ ರೈತ ಎಂಬ ಶಬ್ದವೂ ಅದರದ್ದೇ ನಂಟು.

1924ರಲ್ಲಿ ಸಂಸ್ಥೆ ಸಾತಾರಾಕ್ಕೆ ಬಂತು. ಅಲ್ಲಿ ಶುರುವಾದ ಬೋರ್ಡಿಂಗ್ ಮುಂದೆ ಧನಿಣೀಚಿ ಬಾಗ್ ಎಂಬ ತೋಟದಲ್ಲಿ ನೆಲೆ ನಿಂತಿತು. ಮಹಾರ, ಮಾಂಗ, ಮರಾಠಾ, ಜೈನ, ಮುಸ್ಲಿಂ ಎಲ್ಲರೂ ಒಂದೇ ಛಾವಣಿ, ಒಂದೇ ಒಲೆ. ಶಾಹು ಮಹಾರಾಜರು ಹತ್ತು ಮನೆ ಕಟ್ಟಿದ್ದರು, ಅವರ ಆಸರೆಯಲ್ಲಿ ಬೆಳೆದ ಹುಡುಗ ಹತ್ತಕ್ಕೂ ಒಂದೇ ಊಟದ ಮನೆ ಮಾಡಿದ. ಆದರೂ ಆ ಬೋರ್ಡಿಂಗಿಗೆ ಇಟ್ಟದ್ದು ಶಾಹು ಮಹಾರಾಜರ ಹೆಸರನ್ನೇ. 1927ರ ಫೆಬ್ರವರಿ 25ರಂದು ಗಾಂಧೀಜಿ ಅಲ್ಲಿಗೆ ಬಂದರು. ಆಗ ಅದಕ್ಕೆ ಶ್ರೀ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂದು ನಾಮಕರಣವಾಯಿತು. ಎಲ್ಲ ಜಾತಿಯ ಹುಡುಗರು ಒಟ್ಟಿಗೆ ಕಲೆತು ಬದುಕುವುದನ್ನು ಕಂಡು ಗಾಂಧೀಜಿ ಮನಸಾರೆ ಮೆಚ್ಚಿದರು.

ನಾವು ಶಿಕ್ಷಕರಾಗುವವರು ಗಮನಿಸಬೇಕಾದದ್ದು ಆ ಮನೆ ನಡೆಯುತ್ತಿದ್ದ ಬಗೆ. ಆಳುಗಳಿರಲಿಲ್ಲ. ಹಿಟ್ಟು ನಾದುವುದು, ಭಕ್ಕರಿ ಬಡಿಯುವುದು, ನೀರು ತರುವುದು, ಗುಡಿಸುವುದು, ಹೊಲದ ಕೆಲಸ ಎಲ್ಲವೂ ಹುಡುಗರದ್ದೇ. ಇದಕ್ಕೆ ಹಣವಿಲ್ಲದ್ದು ಒಂದು ಕಾರಣ ನಿಜ. ಆದರೆ ಹಣ ಬಂದ ಮೇಲೂ ಪದ್ಧತಿ ಬದಲಾಗಲಿಲ್ಲ. ಸ್ವಾವಲಂಬನೆಯ ಶಿಕ್ಷಣ ಎಂಬುದೇ ಸಂಸ್ಥೆಯ ಧ್ಯೇಯವಾಯಿತು, ಮುಂದೆ ಗಳಿಸುತ್ತ ಕಲಿಯುವ ಯೋಜನೆಯೂ ಅದರಿಂದಲೇ ಬೆಳೆಯಿತು. ಕೆಲಸವೆಲ್ಲ ಹುಡುಗರದ್ದಾದಾಗ ನಾಯಕನ ಅರ್ಥವೂ ಬೇರೆಯಾಗುತ್ತದೆ. ಮಹಾರರ ಹುಡುಗ ನಾದಿದ ಹಿಟ್ಟಿನಿಂದ ಮರಾಠರ ಹುಡುಗ ಭಕ್ಕರಿ ಬಡಿದು ಜೈನರ ಹುಡುಗನ ತಟ್ಟೆಗೆ ಹಾಕುವ ಮನೆಯಲ್ಲಿ, ಮುಂದಾಳು ಎನಿಸಿಕೊಂಡವನು ಬೀಗದ ಕೈ ಅಲ್ಲಾಡಿಸುತ್ತ ನಿಲ್ಲಲು ಜಾಗವೇ ಇರುವುದಿಲ್ಲ. ಅವನ ಕೈಗೂ ಹಿಟ್ಟು ಹತ್ತಿರುತ್ತದೆ.

ಈ ಮನೆಯ ಕಥೆಯನ್ನು ಲಕ್ಷ್ಮೀಬಾಯಿಯವರನ್ನು ಬಿಟ್ಟು ಹೇಳಿದರೆ ಅನ್ಯಾಯ. ಮಡಿ ಮೈಲಿಗೆಯ ಮನೆತನದಲ್ಲಿ ಬೆಳೆದ ಹೆಣ್ಣುಮಗಳು. ಗಂಡ ಕರೆತಂದ ಮಕ್ಕಳನ್ನೆಲ್ಲ ಹತ್ತಿರ ಕೂರಿಸಿಕೊಂಡು ಬಡಿಸುವಷ್ಟು ದೂರ ನಡೆದುಬಂದದ್ದು ಅವರ ಸ್ವಂತ ನಡಿಗೆ. ಗಂಡನಿಗೆ ಆ ವಿಚಾರ ಕೊಲ್ಹಾಪುರದಲ್ಲಿ ಬಂತು, ಓದಿನಿಂದ ಬಂತು, ಗೆಳೆಯರಿಂದ ಬಂತು. ಆಕೆಗೆ ಒಲೆಯ ಮುಂದೆ ಬರಬೇಕಾಯಿತು. ಬೋರ್ಡಿಂಗಿನಲ್ಲಿ ಕಾಳು ಮುಗಿದಾಗ ಒಡವೆಗಳು ಒಂದೊಂದಾಗಿ ಹೋದವು, ಒಂದು ದಿನ ಮಂಗಳಸೂತ್ರವೂ ಹೋಯಿತು. 1930ರಲ್ಲಿ ಅವರು ತೀರಿಕೊಂಡರು. ಈ ಭಾಗ ಹೇಳುವಾಗ ತರಗತಿಯ ಹೆಣ್ಣುಮಕ್ಕಳು ಸದ್ದಿಲ್ಲದೆ ಕೇಳಿದರು. ಹಿಂದಿನ ಬೆಂಚಿನವರೂ ಕೂಡ.

1932ರಲ್ಲಿ ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಹೌಸ್ ಶುರುವಾಯಿತು. ಅಂಬೇಡ್ಕರ್ ಮತ್ತು ಗಾಂಧೀಜಿಯವರ ನಡುವೆ ಪುಣೆ ಒಪ್ಪಂದವಾದ ವರ್ಷ ಅದು. ಅದೇ ಊರಿನಲ್ಲಿ ಎಲ್ಲ ಜಾತಿಯ ವಿದ್ಯಾರ್ಥಿಗಳನ್ನು ಒಟ್ಟಿಗೆ ಇರಿಸಿದ್ದು ಭಾವೂರಾವರ ಉತ್ತರ ಎನ್ನಬಹುದು. 1935ರಲ್ಲಿ ಸಾತಾರಾದಲ್ಲಿ ಸಿಲ್ವರ್ ಜುಬಿಲಿ ರೂರಲ್ ಟ್ರೈನಿಂಗ್ ಕಾಲೇಜು ಬಂತು, ಅಂದರೆ ನಮ್ಮಂಥವರ ಕಾಲೇಜು. ಹಳ್ಳಿಗೆ ಶಾಲೆ ಬೇಕಾದರೆ ಹಳ್ಳಿಯಲ್ಲಿ ನಿಲ್ಲುವ ಶಿಕ್ಷಕ ಬೇಕು, ಅಂಥವನನ್ನು ನಾವೇ ತಯಾರು ಮಾಡಬೇಕು ಎಂಬುದು ಅವರ ಲೆಕ್ಕ. ಅಲ್ಲಿ ತರಬೇತಾದವರು ಗುಡ್ಡಗಾಡಿನ ಹಳ್ಳಿಗಳಿಗೆ ಹೋಗಿ ಶಾಲೆ ತೆರೆದರು. 1940ರಲ್ಲಿ ಮಹಾರಾಜಾ ಸಯಾಜಿರಾವ್ ಹೆಸರಿನ ಉಚಿತ ವಸತಿ ಪ್ರೌಢಶಾಲೆ, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು. ಈ ಕಾಲೇಜಿನ ಪ್ರಾಚಾರ್ಯರಾದ ಬ್ಯಾರಿಸ್ಟರ್ ಪಿ. ಜಿ. ಪಾಟೀಲರು ಭಾವೂರಾವರ ಬೋರ್ಡಿಂಗಿನಲ್ಲೇ ಬೆಳೆದ ಹುಡುಗ. ಇಂಗ್ಲೆಂಡಿಗೆ ಹೋಗಿ ಓದಿ ಬಂದವರಿಗೆ ಆಗ ಕೈತುಂಬ ಸಂಬಳದ ಕೆಲಸಗಳು ಕಾದಿದ್ದವು. ಅವರು ಸಾತಾರಾಕ್ಕೇ ತಿರುಗಿ ಬಂದರು, ಮುಂದೆ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಯಾದರು. ಬೋರ್ಡಿಂಗಿನಿಂದ ನಾಯಕರು ಬಂದರೇ ಎಂದು ಯಾರಾದರೂ ಕೇಳಿದರೆ ಇಂಥವರನ್ನು ತೋರಿಸಬಹುದು.

ಜನ ಅವರನ್ನು ಕರ್ಮವೀರ ಎಂದರು, ಹುಡುಗರು ಅಣ್ಣಾ ಎಂದರು. ಮೆಟ್ರಿಕ್ ಆಗದವರಿಗೆ 1959ರಲ್ಲಿ ಪುಣೆ ವಿಶ್ವವಿದ್ಯಾಲಯ ಡಿ.ಲಿಟ್. ಕೊಟ್ಟಿತು, ಅದೇ ವರ್ಷ ಪದ್ಮಭೂಷಣವೂ ಬಂತು. ಮೇ 9ರಂದು ತೀರಿಕೊಂಡರು. ರಯತ್ ಸಂಸ್ಥೆಯ ಗುರುತು ಆಲದ ಮರ. ಗಡಿಯಾಚೆಯ ಊರುಗಳ ಶಾಲೆಗಳ ಫಲಕಗಳಲ್ಲಿ ಈಗಲೂ ಕಾಣುತ್ತದೆ.

ಮೂರನೆಯ ಅವಧಿ ಮುಗಿಯುವ ಹೊತ್ತಿಗೆ ವಿದ್ಯಾರ್ಥಿನಿಲಯದಲ್ಲಿ ಆಯ್ಕೆ ನಡೆದಿತ್ತು. ಗೆದ್ದವನು ಅಂದು ಕೂತೇ ಪ್ರಶ್ನೆ ಕೇಳಿದವನಲ್ಲ, ಬೇರೆಯವನು, ಚುರುಕು ಹುಡುಗ. ನನ್ನ ಅಭ್ಯಾಸ ಬೋಧನೆಯ ಕೊನೆಯ ಶುಕ್ರವಾರ ಸಂಜೆ ಅವನು ಒಂದು ಹಾಳೆ ಹಿಡಿದುಕೊಂಡು ಬಂದ. ಸ್ಕೇಲಿನಿಂದ ಗೆರೆ ಎಳೆದು, ಬಡಿಸುವವರು, ತೊಳೆಯುವವರು, ಗುಡಿಸುವವರು ಎಂದು ಮೂರು ಅಂಕಣ ಮಾಡಿದ್ದ. ಸಾರ್, ಸರಿ ಇದೆಯಾ ನೋಡಿ ಎಂದ. ಎಲ್ಲ ಹೆಸರುಗಳೂ ಸುತ್ತು ಹಾಕುತ್ತಿದ್ದವು, ಈ ವಾರ ತೊಳೆದವನು ಬರುವ ವಾರ ಬಡಿಸುತ್ತಿದ್ದ. ಅವನದೊಂದು ಹೆಸರು ಮಾತ್ರ ಯಾವ ಅಂಕಣದಲ್ಲೂ ಇರಲಿಲ್ಲ. ಕೇಳಿದ್ದಕ್ಕೆ ನಾಯಕನ ಕೆಲಸ ನೋಡಿಕೊಳ್ಳುವುದು ಎಂದ. ನನ್ನ ಜೇಬಿನಲ್ಲಿ ಕೆಂಪು ಪೆನ್ನಿತ್ತು. ತೆಗೆಯಲಿಲ್ಲ. ನಾಳೆ ಊಟಕ್ಕೆ ಮೊದಲು ಪಟ್ಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದು, ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡು ಎಂದು ಹೇಳಿ ಹಾಳೆ ವಾಪಸ್ ಕೊಟ್ಟೆ. ಕೇಳುವವನೊಬ್ಬ ಅಲ್ಲಿದ್ದಾನೆ ಎಂದು ನನಗೆ ಗೊತ್ತಿತ್ತು. ಹುಡುಗ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಮೈದಾನ ದಾಟಿ, ನಿಲಯದ ಕಡೆ ಓಡಿದ.